ಮೊದಲ ತೆಮಾರಿಗೆ ಯಾವ ವಿನ್ಯಾಸ? ಪಟ್ಟಿ, ಕದಿರು, ಸೇವಂತಿಗೆ, ಚೌಕ, ನಕ್ಷತ್ರ

ತೆಮಾರಿ ಹೊಲಿಯುವ ಆಸೆ ಹೆಚ್ಚಿನವರಿಗೆ ಒಂದು ಫೋಟೋ ನೋಡಿ ಹುಟ್ಟುತ್ತದೆ. ಕಿತ್ತಳೆ ಹಣ್ಣಿನಷ್ಟು ದಪ್ಪದ ಚೆಂಡು. ಮೈತುಂಬ ಹನ್ನೆರಡು ನಕ್ಷತ್ರ. ಒಂದರ ಎಳೆ ಇನ್ನೊಂದರ ಅಡಿಯಲ್ಲಿ ನುಸುಳಿ ಹೋಗಿರುತ್ತದೆ. ಅದನ್ನೇ ಹೊಲಿಯೋಣ ಎಂದು ಕೂರುತ್ತಾರೆ. ಮೂರು ದಿನ ಕಳೆದರೂ ಗೆರೆಗೆ ಗೆರೆ ಸೇರುವುದಿಲ್ಲ. ನಕ್ಷತ್ರದ ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ. ಚೆಂಡು ಹೊಲಿಗೆ ಡಬ್ಬಿಯ ತಳ ಸೇರುತ್ತದೆ. ಇಂಥ ಅರ್ಧ ಚೆಂಡುಗಳನ್ನು ನಾಲ್ಕಾರು ಗೆಳತಿಯರ ಮನೆಯಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಅದೇ ಕೈ, ಅದೇ ದಾರ, ಬೇರೆ ವಿನ್ಯಾಸದಿಂದ ಶುರು ಮಾಡಿದ್ದರೆ ವಾರದೊಳಗೆ ಒಂದು ಚೆಂದದ ಚೆಂಡು ಮುಗಿದಿರುತ್ತಿತ್ತು.

ಹಾಗಾಗಿ ಯಾವುದು ಚೆಂದ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಈ ವಿನ್ಯಾಸ ನನ್ನ ತಪ್ಪನ್ನು ಎಷ್ಟು ಹೊಟ್ಟೆಗೆ ಹಾಕಿಕೊಳ್ಳುತ್ತದೆ? ತೆಮಾರಿಯಲ್ಲಿ ಒಂದೊಂದು ವಿನ್ಯಾಸದ್ದು ಒಂದೊಂದು ಸ್ವಭಾವ. ಕೆಲವು ಎರಡು ಮಿಲಿಮೀಟರ್ ತಪ್ಪನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತವೆ. ಕೆಲವು ಅದನ್ನು ಕಣ್ಣೆದುರಿಗೇ ತಂದು ನಿಲ್ಲಿಸುತ್ತವೆ.

ಗೊತ್ತಿಲ್ಲದವರಿಗೆ ಎರಡು ಮಾತು. ತೆಮಾರಿ ಅಂದರೆ ಕೈಚೆಂಡು. ಜಪಾನಿನಲ್ಲಿ ಹಳೆಯ ಕಿಮೋನೋ ಬಟ್ಟೆಯ ಚೂರುಗಳನ್ನು ಉಂಡೆ ಮಾಡಿ, ದಾರ ಸುತ್ತಿ, ಮಕ್ಕಳಿಗೆ ಆಡಲು ಕೊಡುತ್ತಿದ್ದರು. ಎಡೋ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗಿನ ಕಾಲದಲ್ಲಿ, ಅರಮನೆಯ ಮತ್ತು ಸಮುರಾಯ್ ಮನೆತನದ ಹೆಂಗಸರ ಕೈಯಲ್ಲಿ ಅದಕ್ಕೆ ಬಣ್ಣದ ವಿನ್ಯಾಸ ಬಂತು. ಆಮೇಲೆ ರಬ್ಬರ್ ಚೆಂಡು ಬಂತು. ಆಟಕ್ಕೆ ತೆಮಾರಿ ಬೇಡವಾಯಿತು, ಉಡುಗೊರೆಗೆ ಉಳಿದುಕೊಂಡಿತು. ಕನಜಾವಾದಲ್ಲಿ ಮದುವೆಯಾಗಿ ಹೋಗುವ ಮಗಳ ಕೈಗೆ ತೆಮಾರಿ ಕೊಟ್ಟು ಕಳಿಸುವ ಪದ್ಧತಿ ಇದೆ. ಮತ್ಸುಮೊತೊ ಊರಿನಲ್ಲಂತೂ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ತೆಮಾರಿಯ ಚಿತ್ರ ಇದೆ.

ಕಾಗದದ ಮಡಿಕೆಯಲ್ಲೇ ಅರ್ಧ ತೀರ್ಮಾನ

ಬಟ್ಟೆಯ ಮೇಲೆ ಕಸೂತಿ ಹಾಕುವವರಿಗೆ ಒಂದು ಅನುಕೂಲ ಇದೆ. ಬಟ್ಟೆಗೆ ಎಳೆ ಇರುತ್ತದೆ, ಎಣಿಸಬಹುದು. ಧಾರವಾಡದ ಕಡೆಯ ಗವಂತಿ, ಮುರ್ಗಿ ನಿಂತಿರುವುದೇ ಆ ಎಣಿಕೆಯ ಮೇಲೆ. ತೆಮಾರಿಯಲ್ಲಿ ಎಣಿಸಲು ಏನೂ ಇಲ್ಲ. ಮೈಯೆಲ್ಲ ಅಡ್ಡಾದಿಡ್ಡಿ ಸುತ್ತಿದ ದಾರ. ಅದಕ್ಕೇ ಹೊಲಿಯುವ ಮೊದಲು ಚೆಂಡಿನ ಮೇಲೆ ತೆಳು ದಾರದಲ್ಲಿ ಗೆರೆ ಹಾಕಿಕೊಳ್ಳಬೇಕು. ಜಪಾನಿನವರು ಇದಕ್ಕೆ ಜಿವಾರಿ ಎನ್ನುತ್ತಾರೆ. ರಂಗೋಲಿಗೆ ಮೊದಲು ಚುಕ್ಕಿ ಇಡುತ್ತೇವಲ್ಲ, ಹಾಗೆ. ಚುಕ್ಕಿ ಸೊಟ್ಟಗಾದರೆ ಮುಂದೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಳತೆಗೆ ಟೇಪು ಬೇಡ. ಅರ್ಧ ಸೆಂಟಿಮೀಟರ್ ಅಗಲದ ಒಂದು ಕಾಗದದ ಪಟ್ಟಿ ಸಾಕು. ಚೆಂಡಿನ ಒಂದು ಕಡೆ ಗುಂಡುಸೂಜಿ ಚುಚ್ಚಿ. ಅದು ಉತ್ತರ ಧ್ರುವ. ಪಟ್ಟಿಯ ತುದಿಯನ್ನು ಅದೇ ಸೂಜಿಗೆ ಸಿಕ್ಕಿಸಿ, ಚೆಂಡಿನ ಸುತ್ತ ತಂದು, ಮತ್ತೆ ಸೂಜಿಗೆ ಮುಟ್ಟುವಲ್ಲಿ ಕತ್ತರಿಸಿ. ನಿಮ್ಮ ಚೆಂಡಿನ ಸುತ್ತಳತೆ 24 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಪಟ್ಟಿಯನ್ನು ಅರ್ಧಕ್ಕೆ ಮಡಚಿದರೆ 12, ಅಲ್ಲಿ ದಕ್ಷಿಣ ಧ್ರುವ. ಇನ್ನೊಮ್ಮೆ ಮಡಚಿದರೆ 6, ಅದು ಚೆಂಡಿನ ಸೊಂಟ. ಈಗ ಪಟ್ಟಿಯನ್ನು ಚೆಂಡಿನ ನಾಲ್ಕೂ ಕಡೆಯಿಂದ ಇಳಿಬಿಟ್ಟು ನೋಡಿ. ದಕ್ಷಿಣದ ಸೂಜಿ ಒಂದು ಕಡೆಯಿಂದ ಸರಿ ಕಾಣುತ್ತದೆ, ಇನ್ನೊಂದು ಕಡೆಯಿಂದ ಎರಡು ಮಿಲಿಮೀಟರ್ ಆಚೆ ಇರುತ್ತದೆ. ತಳ್ಳಿ ಸರಿ ಮಾಡಿ. ಮತ್ತೆ ತಿರುಗಿಸಿ, ಮತ್ತೆ ತಳ್ಳಿ. ಈ ಹತ್ತು ನಿಮಿಷ ಬೇಸರಿಸಬೇಡಿ. ಮುಂದಿನ ಒಂದು ವಾರದ ಕೆಲಸ ಈ ಒಂದು ಸೂಜಿಯ ಮೇಲೆ ನಿಂತಿದೆ.

ಆಮೇಲೆ ಪಟ್ಟಿಯನ್ನು ಎಂಟಕ್ಕೆ ಮಡಚಿ ಸೊಂಟದ ಸುತ್ತ ಇಟ್ಟರೆ ಮೂರು ಮೂರು ಸೆಂಟಿಮೀಟರಿಗೆ ಒಂದೊಂದು ಸೂಜಿ. ಧ್ರುವದಿಂದ ಧ್ರುವಕ್ಕೆ ಜರಿ ದಾರ ಸುತ್ತಿದರೆ ನಾಲ್ಕು ಬಳೆ. ಸೊಂಟಕ್ಕೊಂದು, ಒಟ್ಟು ಐದು. ಇದು ಸರಳ ಎಂಟು ಭಾಗ. ಪುಸ್ತಕಗಳಲ್ಲಿ ಎಸ್8 ಅಂತ ಬರೆದಿರುತ್ತಾರೆ. ಇದರ ಮೇಲೆ ಇನ್ನೂ ನಾಲ್ಕು ಬಳೆ ಓರೆಯಾಗಿ ಸುತ್ತಿದರೆ ಒಂಬತ್ತಾಗುತ್ತದೆ, ಚೆಂಡು 48 ಚಿಕ್ಕ ತ್ರಿಕೋನಗಳಾಗಿ ಒಡೆಯುತ್ತದೆ. ಅದು ಸಿ8. ಹತ್ತು ಭಾಗದಿಂದ ಶುರು ಮಾಡಿ 15 ಬಳೆ ಸುತ್ತಿದರೆ 120 ತ್ರಿಕೋನ. ಅದು ಸಿ10.

ಒಂದು ವಿಷಯ ಗಮನಿಸಿ. ಎಸ್8ರಿಂದ ಸಿ8ಕ್ಕೆ ಹೋಗಲು ಹಾಕಿದ ಗೆರೆ ಬಿಚ್ಚಬೇಕಾಗಿಲ್ಲ. ಎಂಟು ಭಾಗ ಮಾಡಿಟ್ಟುಕೊಂಡು, ಸೇವಂತಿಗೆಯೋ ಚೌಕವೋ ಅಂತ ನಾಳೆ ಯೋಚಿಸಬಹುದು. ಸಿ10ಕ್ಕೆ ಆ ಅವಕಾಶ ಇಲ್ಲ. ಎಂಟೋ ಹತ್ತೋ ಅನ್ನುವುದನ್ನು ಕಾಗದ ಮಡಚುವಾಗಲೇ ಹೇಳಬೇಕು.

ಪಟ್ಟಿ ಮತ್ತು ಕದಿರು

ಎಲ್ಲಕ್ಕಿಂತ ಸುಲಭದ್ದು ಪಟ್ಟಿ, ಜಪಾನಿ ಭಾಷೆಯಲ್ಲಿ ಮಾಕಿ. ಇಲ್ಲಿ ಹೊಲಿಗೆಯೇ ಇಲ್ಲ ಅನ್ನಬಹುದು. ಸೂಜಿಯಿಂದ ದಾರವನ್ನು ಒಂದು ಕಡೆ ಹೊರಗೆ ತೆಗೆದು, ಗೆರೆಯ ಪಕ್ಕದಲ್ಲೇ ಸುತ್ತು ಮೇಲೆ ಸುತ್ತು ಹಾಕಿ, ಕೊನೆಗೆ ಒಳಗೆ ನುಗ್ಗಿಸಿದರೆ ಮುಗಿಯಿತು. ಒಂದಕ್ಕೊಂದು ಅಡ್ಡವಾಗಿ ಮೂರು ಪಟ್ಟಿ ಸುತ್ತಿದರೆ ಆರು ಕಡೆ ದಾಟುತ್ತವೆ, ನಡುವೆ ಎಂಟು ತ್ರಿಕೋನ ಉಳಿಯುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಇದನ್ನೇ ಕೊಡಿ. ಗೆರೆ ಸ್ವಲ್ಪ ಆಚೀಚೆ ಆದರೂ ಪಟ್ಟಿಯ ಅಗಲ ಅದನ್ನು ಮುಚ್ಚುತ್ತದೆ. ಚೆಂಡು ಮೆತ್ತಗಿದ್ದರೆ ಮಾತ್ರ ಪಟ್ಟಿ ಜಾರುತ್ತದೆ. ಅದಕ್ಕೆ ಮದ್ದಿಲ್ಲ, ಚೆಂಡನ್ನೇ ಗಟ್ಟಿ ಸುತ್ತಬೇಕು.

ಕದಿರು, ಅವರ ಮಾತಿನಲ್ಲಿ ತ್ಸುಮು. ನೂಲುವ ಕದಿರಿನ ಹಾಗೆ ನಡುವೆ ಉಬ್ಬು, ಎರಡು ತುದಿ ಚೂಪು. ಒಂದು ಗೆರೆಯ ಮೇಲಿನ ತುದಿಯಲ್ಲಿ ಒಂದು ಹೊಲಿಗೆ, ಕೆಳಗಿನ ತುದಿಯಲ್ಲಿ ಒಂದು. ಸುತ್ತು ಹೆಚ್ಚಿದ ಹಾಗೆ ಉದ್ದ ಹೆಚ್ಚುತ್ತದೆ. ಕೈಗೆ ದಾರದ ಬಿಗಿ ಎಷ್ಟಿರಬೇಕು ಅನ್ನುವುದು ಇದರಲ್ಲಿ ಬೇಗ ಬರುತ್ತದೆ. ಜಾಸ್ತಿ ಎಳೆದರೆ ಉಬ್ಬು ಮಾಯವಾಗಿ ಕಡ್ಡಿಯ ಹಾಗೆ ಕಾಣುತ್ತದೆ, ಸಡಿಲ ಬಿಟ್ಟರೆ ಎಳೆ ಜೋಲುತ್ತದೆ. ಚೆಂಡಿನ ತುಂಬ ಬರೀ ಕದಿರು ಹಾಕಿದರೆ ನನಗೆ ಸ್ವಲ್ಪ ಬಡವಾಗಿ ಕಾಣುತ್ತದೆ. ಚೌಕಗಳ ನಡುವಿನ ಜಾಗಕ್ಕೆ, ಹೂವಿನ ಪಕ್ಕಕ್ಕೆ ಇದು ಚೆನ್ನ.

ಸೇವಂತಿಗೆ: ನನ್ನ ಮತ ಇದಕ್ಕೇ

ಕಿಕು ಅಂದರೆ ಸೇವಂತಿಗೆ. ತೆಮಾರಿ ಅಂದ ತಕ್ಷಣ ಜಪಾನಿನವರ ಕಣ್ಣಿಗೆ ಬರುವ ವಿನ್ಯಾಸಗಳಲ್ಲಿ ಇದೂ ಒಂದು. ನೋಡಲು ಬಹಳ ಕಷ್ಟದ್ದು ಅನ್ನಿಸುತ್ತದೆ. ಕೂತು ಹೊಲಿದರೆ ಇದು ಬರೀ ಹಾವಿನ ನಡಿಗೆ. ಮೇಲೆ ಒಂದು ಹೊಲಿಗೆ, ಪಕ್ಕದ ಗೆರೆಯಲ್ಲಿ ಕೆಳಗೆ ಒಂದು, ಮತ್ತೆ ಮೇಲೆ.

24 ಸೆಂ.ಮೀ. ಚೆಂಡಿನಲ್ಲಿ ನಾನು ಹೀಗೆ ಮಾಡುತ್ತೇನೆ. ಉತ್ತರ ಧ್ರುವದಿಂದ ಅರ್ಧ ಸೆಂಟಿಮೀಟರ್ ಕೆಳಗೆ ಒಂದು ಗೆರೆ ಬಿಟ್ಟು ಒಂದರಲ್ಲಿ ಮೇಲಿನ ಹೊಲಿಗೆ. ನಡುವಿನ ಗೆರೆಗಳಲ್ಲಿ ಧ್ರುವದಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ಗುಂಡುಸೂಜಿ ಚುಚ್ಚಿಟ್ಟು, ಅಲ್ಲಿ ಕೆಳಗಿನ ಹೊಲಿಗೆ. ಕೆಲಸ ಎಡದಿಂದ ಬಲಕ್ಕೆ ಸಾಗುತ್ತದೆ, ಸೂಜಿ ಮಾತ್ರ ಗೆರೆಯ ಅಡಿಯಲ್ಲಿ ಬಲದಿಂದ ಎಡಕ್ಕೆ ನುಗ್ಗುತ್ತದೆ. ಹಾಗಾಗಿ ಪ್ರತಿ ತುದಿಯಲ್ಲೂ ಎರಡು ಎಳೆ ಕತ್ತರಿಯ ಹಾಗೆ ದಾಟುತ್ತವೆ. ಒಂದು ಸುತ್ತು ಬಂದರೆ ನಾಲ್ಕು ದಳ. ಪಕ್ಕದ ಗೆರೆಯಿಂದ ಇನ್ನೊಂದು ಸುತ್ತು ಹಾಕಿದರೆ ಮತ್ತೆ ನಾಲ್ಕು. ಎಂಟು ದಳದ ಹೂವು ಅಲ್ಲಿಗೆ ಕಾಣಿಸಿಕೊಳ್ಳುತ್ತದೆ.

ಎರಡನೇ ಸುತ್ತಿನಿಂದ ನಿಜವಾದ ಸೊಗಸು. ಧ್ರುವದ ಹತ್ತಿರ ಹೊಸ ಹೊಲಿಗೆ ಹಳೆಯದರ ಸ್ವಲ್ಪ ಕೆಳಗೆ, ಸ್ವಲ್ಪ ಅಗಲವಾಗಿ ಬರಬೇಕು. ಸೂಜಿ ಹಿಂದಿನ ಸುತ್ತಿನ ಎಳೆಗಳ ಅಡಿಯಲ್ಲಿ ಹಾಯಬೇಕು. ಆಗ ಹೆಬ್ಬೆರಳ ಉಗುರಿನಿಂದ ಆ ಎಳೆಗಳನ್ನು ಒತ್ತಿ ಹಿಡಿಯಿರಿ, ಸೂಜಿಯ ಮೊನೆ ಎಳೆಯ ನಡುವೆ ಹೊಕ್ಕು ದಾರ ಸೀಳಬಾರದು. ದಾರ ಎಳೆಯುವಾಗ ಚೆಂಡಿನ ಮೈಗೆ ಒರಗಿಸಿ ಎಳೆಯಿರಿ, ಮೇಲಕ್ಕೆ ಎತ್ತಿ ಎಳೆಯಬೇಡಿ. ಆರು ಸುತ್ತಾದಾಗ ಹೂವಿನ ನಡುವೆ ಎಳೆಗಳು ಒಂದರ ಮೇಲೊಂದು ಕೂತು ಚಾಪೆ ಹೆಣೆದ ಹಾಗೆ ಕಾಣುತ್ತದೆ. ನೀವು ಹೆಣೆದಿರುವುದಿಲ್ಲ, ತಾನಾಗೇ ಆಗಿರುತ್ತದೆ. ಮೊದಲ ಸಲ ಅದನ್ನು ಕಂಡಾಗ ನಾನು ಚೆಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದೆ.

ಈ ವಿನ್ಯಾಸಕ್ಕೆ ಹೊಟ್ಟೆ ದೊಡ್ಡದು. ದಳದ ಕೆಳತುದಿಗಳು ಒಂದೇ ಸಾಲಿಗೆ ಬರದಿದ್ದರೆ ಸೊಂಟಕ್ಕೆ ಸುತ್ತುವ ಓಬಿ ಅವನ್ನು ಮುಚ್ಚುತ್ತದೆ. ಓಬಿ ಅಂದರೆ ಕಿಮೋನೋ ಮೇಲೆ ಸೊಂಟಕ್ಕೆ ಬಿಗಿಯುವ ಪಟ್ಟಿ, ಚೆಂಡಿಗೂ ಅದೇ ಹೆಸರು. ಒಂದು ಭಾಗ ಎರಡು ಮಿಲಿಮೀಟರ್ ಅಗಲವಾಗಿದ್ದರೆ ಒಂದು ದಳ ಚೂರು ದಪ್ಪ ಆಗುತ್ತದೆ ಅಷ್ಟೆ. ಉತ್ತರದ ಹೂವಿಗೂ ದಕ್ಷಿಣದ ಹೂವಿಗೂ ಸಂಬಂಧ ಇಲ್ಲ, ಎರಡನ್ನೂ ಒಟ್ಟಿಗೆ ಯಾರೂ ನೋಡಲಾರರು. ತಪ್ಪನ್ನು ಸಹಿಸದ ಜಾಗ ಅಂದರೆ ಹೂವಿನ ನಡುಭಾಗ ಮಾತ್ರ. ಧ್ರುವದ ಸುತ್ತಲಿನ ಆ ಅರ್ಧ ಸೆಂಟಿಮೀಟರನ್ನು ಪ್ರತಿ ಗೆರೆಯಲ್ಲೂ ಅಳೆದೇ ಹೊಲಿಯಿರಿ.

ಎಂಟು ದಳವೋ ಹದಿನಾರೋ? ಮೊದಲ ಚೆಂಡಿಗೆ ಎಂಟು. ಹದಿನಾರರಲ್ಲಿ ಗೆರೆಗಳು ಸೊಂಟದ ಹತ್ತಿರವೇ ಒಂದೂವರೆ ಸೆಂಟಿಮೀಟರಿಗೊಂದು ಬರುತ್ತವೆ. ಧ್ರುವದಲ್ಲಂತೂ ಸೂಜಿ ಇಡಲು ಜಾಗ ಸಿಗುವುದಿಲ್ಲ. ಅದಕ್ಕೆ 30 ಸೆಂಟಿಮೀಟರಿನ ಚೆಂಡು, ತೆಳುವಾದ ದಾರ ಬೇಕು.

ಚೌಕ: ಹೊಲಿಗೆ ಕಡಿಮೆ, ಕಟ್ಟುನಿಟ್ಟು ಜಾಸ್ತಿ

ಮಾಸು ಅಂದರೆ ಜಪಾನಿನಲ್ಲಿ ಅಕ್ಕಿ ಅಳೆಯುವ ಚೌಕನೆಯ ಮರದ ಪೆಟ್ಟಿಗೆ. ನಮ್ಮ ಸೇರು, ಪಾವಿನ ಹಾಗೆ. ಸಿ8 ಚೆಂಡಿನಲ್ಲಿ ಎಂಟು ಗೆರೆ ಕೂಡುವ ಆರು ಬಿಂದುಗಳಿವೆ. ಆರರ ಸುತ್ತಲೂ ಒಂದೊಂದು ಚೌಕ. ಚೌಕದ ಮೂಲೆಗಳನ್ನು ಪಕ್ಕದ ಬಿಂದುವಿನ ದಿಕ್ಕಿಗೆ ಇಟ್ಟು ಬೆಳೆಸಿದರೆ, ಮೂರು ಸೆಂಟಿಮೀಟರ್ ಆಗುವ ಹೊತ್ತಿಗೆ ಮೂಲೆಗೆ ಮೂಲೆ ಮುಟ್ಟುತ್ತದೆ. ನಡುವೆ ಎಂಟು ತ್ರಿಕೋನ ತಾವಾಗೇ ಉಳಿಯುತ್ತವೆ.

ಒಂದು ಲೆಕ್ಕ ನೋಡಿ. ಎಂಟು ದಳದ ಸೇವಂತಿಗೆಗೆ ಎರಡೂ ಕಡೆ ಸೇರಿ ಸುತ್ತಿಗೆ 32 ಹೊಲಿಗೆ ಬೇಕು. ಆರು ಚೌಕಕ್ಕೆ ಸುತ್ತಿಗೆ 24 ಮಾತ್ರ. ಆದರೂ ಚೌಕವೇ ಕಷ್ಟ. ಇಲ್ಲಿ ಮುಚ್ಚಲು ಓಬಿ ಇಲ್ಲ. ಒಂದು ಬಿಂದು ಸರಿದರೆ ಅದರ ನಾಲ್ಕೂ ಕಡೆಯ ಮೂಲೆಗಳು ತಪ್ಪುತ್ತವೆ. ಒಂದು ಕಡೆ ಸಂದು, ಇನ್ನೊಂದು ಕಡೆ ಒಂದರ ಮೇಲೊಂದು ಏರಿ ಕೂರುತ್ತದೆ. ನನ್ನ ಮೊದಲ ಸಿ8 ಚೆಂಡಿನಲ್ಲಿ ಸೊಂಟದ ಒಂದು ಸೂಜಿ ಮೂರು ಮಿಲಿಮೀಟರ್ ಕೆಳಗಿತ್ತು. ಐದು ಚೌಕ ಹೊಲಿದಾಗಿತ್ತು. ಆರನೆಯದು ಗಾಳಿಪಟದ ಹಾಗೆ ಉದ್ದುದ್ದ ಬಂತು. ಎಲ್ಲ ಬಿಚ್ಚಿ, ಗೆರೆ ತೆಗೆದು, ಮತ್ತೆ ಕಾಗದದ ಪಟ್ಟಿಯಿಂದ ಶುರು ಮಾಡಿದೆ. ಬಿಚ್ಚಿದ ದಾರ ಮತ್ತೆ ಹೊಲಿಯಲು ಬರುವುದಿಲ್ಲ, ಹೊಳಪು ಹೋಗಿ ಜೂಲು ಜೂಲಾಗುತ್ತದೆ. ಅದಕ್ಕೇ ಹೇಳುವುದು, ಸಿ8ರಲ್ಲಿ ಗೆರೆ ಹಾಕುವ ಮೊದಲು ಆ ಆರು ಬಿಂದುಗಳ ಸೂಜಿಗಳ ನಡುವಿನ ದೂರ ಅಳೆಯಿರಿ. ಅಕ್ಕಪಕ್ಕದ ಯಾವ ಎರಡನ್ನು ಅಳೆದರೂ 6 ಸೆಂ.ಮೀ. ಬರಬೇಕು.

ಕೈಯಲ್ಲಿ ಅಚ್ಚುಕಟ್ಟುತನ ಇರುವವರಿಗೆ, ಮೊದಲೇ ಕಸೂತಿ ಹಾಕುವವರಿಗೆ ಚೌಕ ಬಹಳ ಹಿಡಿಸುತ್ತದೆ. ಅಂಥವರು ಸೇವಂತಿಗೆ ಬಿಟ್ಟು ನೇರವಾಗಿ ಇಲ್ಲಿಗೇ ಬಂದರೂ ಆದೀತು.

ನಕ್ಷತ್ರ: ಮೂರನೇ ಚೆಂಡಿಗೆ

ಫೋಟೋದಲ್ಲಿ ಮನಸ್ಸು ಕದ್ದ ಹನ್ನೆರಡು ನಕ್ಷತ್ರದ ಚೆಂಡು ಸಿ10. ಹೊಲಿಗೆ ಅಂಥ ಕಷ್ಟದ್ದಲ್ಲ. ಐದು ಮೂಲೆಗೆ ನಂಬರ್ ಕೊಟ್ಟು 1, 3, 5, 2, 4 ಅಂತ ಒಂದು ಬಿಟ್ಟು ಒಂದಕ್ಕೆ ಹೋದರೆ ದಾರ ಕಡಿಯದೆ ನಕ್ಷತ್ರ ಮುಗಿಯುತ್ತದೆ. ಕಷ್ಟ ಇರುವುದು ಗೆರೆಯಲ್ಲಿ.

ಹತ್ತು ಭಾಗ ಮಾಡಿದ ಮೇಲೆ, ಉತ್ತರ ಧ್ರುವದಿಂದ ಒಂದು ಬಿಟ್ಟು ಒಂದು ಗೆರೆಯ ಮೇಲೆ ಐದು ಸೂಜಿ. ದಕ್ಷಿಣದಿಂದ ಉಳಿದ ಐದು ಗೆರೆಗಳ ಮೇಲೆ ಐದು ಸೂಜಿ. ಎಷ್ಟು ದೂರದಲ್ಲಿ? ತೆಮಾರಿ ಹೊಲಿಯುವವರ ಲೆಕ್ಕ ಹೀಗಿದೆ: ಸುತ್ತಳತೆಯನ್ನು ಆರರಿಂದ ಭಾಗಿಸಿ, ಅದಕ್ಕೆ ಸುತ್ತಳತೆಯ ನೂರರಲ್ಲೊಂದು ಭಾಗ ಸೇರಿಸಿ. 24 ಸೆಂಟಿಮೀಟರಿಗೆ 4, ಅದಕ್ಕೆ 0.24 ಸೇರಿಸಿದರೆ 4.24. ಗಣಿತದ ಪ್ರಕಾರ ಪಕ್ಕಾ ಬರಬೇಕಾದ್ದು 4.23. ದಾರದ ದಪ್ಪಕ್ಕಿಂತ ಕಡಿಮೆ ವ್ಯತ್ಯಾಸ! ಇಷ್ಟು ಸುಲಭದ ಲೆಕ್ಕದಲ್ಲಿ ಇಷ್ಟು ಹತ್ತಿರ ಬರುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ಹನ್ನೆರಡು ಸೂಜಿ ಇಟ್ಟ ಮೇಲೆ ಅಕ್ಕಪಕ್ಕದವನ್ನೆಲ್ಲ ಅಳೆದು ಸಮ ಮಾಡಬೇಕು. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ತಪ್ಪುತ್ತದೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಗುತ್ತದೆ. ಆಮೇಲೆ ಸುತ್ತಿಗೆ 60 ಹೊಲಿಗೆ, ಐದು ಸುತ್ತಿಗೆ 300. ಇಷ್ಟೆಲ್ಲ ಆದ ಮೇಲೆ ತಪ್ಪನ್ನು ಅಡಗಿಸಲು ಎಲ್ಲೂ ಜಾಗ ಇಲ್ಲ. ಇದೇ ಸಿ10 ಮೇಲೆ ಅಸಾನೋಹಾ, ಅಂದರೆ ಸೆಣಬಿನ ಎಲೆಯ ವಿನ್ಯಾಸವನ್ನೂ ಹಾಕುತ್ತಾರೆ. ಸೆಣಬು ನೆಟ್ಟಗೆ, ಬೇಗ ಬೆಳೆಯುತ್ತದೆ ಅಂತ ಜಪಾನಿನಲ್ಲಿ ಹಸುಗೂಸಿನ ಬಟ್ಟೆಗೆ ಈ ವಿನ್ಯಾಸ ಹಾಕುವ ರೂಢಿ ಇದೆ. ಬಾಣಂತಿ ಮನೆಗೆ ಕೊಡಲು ಒಳ್ಳೆಯದು, ಆದರೆ ನಕ್ಷತ್ರ ಹೊಲಿಯಲು ಬಂದ ಮೇಲೆ.

ದಾರ, ಒಳಗಿನ ಉಂಡೆ

ಸೇವಂತಿಗೆಗೆ, ಚೌಕಕ್ಕೆ 5ನೇ ನಂಬರಿನ ಪರ್ಲ್ ಕಾಟನ್ ತಗೊಳ್ಳಿ. ದುಂಡಗೆ ಹೊಸೆದ ದಾರ, ಸೂಜಿಗೆ ಸೀಳುವುದಿಲ್ಲ, ಎಳೆ ಎಳೆಯೂ ಬೇರೆ ಬೇರೆ ಕಾಣುತ್ತದೆ. 8ನೇ ನಂಬರು ತೆಳು, ನಕ್ಷತ್ರಕ್ಕೆ ಸರಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಆರೆಳೆಯ ಕಸೂತಿ ದಾರದಲ್ಲೂ ಹೊಲಿಯಬಹುದು, ಆದರೆ ಎಳೆಗಳು ಚಪ್ಪಟೆಯಾಗಿ ಹರಡಿ ಸುತ್ತುಗಳು ಕಲಸಿಹೋಗುತ್ತವೆ.

ಸೀರೆಗೆ ಕುಚ್ಚು ಹಾಕುವವರ ಮನೆಯಲ್ಲಿ ರೇಷ್ಮೆ ದಾರ ಉಳಿದಿರುತ್ತದೆ ಅಲ್ವಾ? ಅದರ ಹೊಳಪು ನೋಡಿ ಆಸೆಯಾಗುತ್ತದೆ. ಹೂವಿಗೆ ಅದನ್ನು ಬಳಸಬೇಡಿ. ಜಾರುತ್ತದೆ, ಉಗುರಿಗೆ ಸಿಕ್ಕಿ ಎಳೆ ಬಿಡುತ್ತದೆ. ಓಬಿಗೆ ಸುತ್ತಿ, ಇಲ್ಲವೇ ಕುಚ್ಚನ್ನೇ ಕಟ್ಟಿ. ಅಕಿತಾ ಪ್ರಾಂತದ ಹೊಂಜೊ ಎಂಬಲ್ಲಿನ ತೆಮಾರಿಗೆ ಮೂರು ಕಡೆ ಕುಚ್ಚು ಇರುತ್ತದೆ, ಅದೇ ಅದರ ಗುರುತು. ಕುಚ್ಚು ಕಟ್ಟಿ ಕೈ ಪಳಗಿದವರು ಆ ಬಗೆ ಆರಿಸಿಕೊಂಡರೆ ಅರ್ಧ ಕೆಲಸ ಮೊದಲೇ ಬಂದ ಹಾಗೆ.

ಒಳಗಿನ ಉಂಡೆಗೆ ಜನ ಸಾಮಾನ್ಯವಾಗಿ ಥರ್ಮಾಕೋಲ್ ಚೆಂಡು ತರುತ್ತಾರೆ. ಪೂರ್ತಿ ದುಂಡಗಿರುತ್ತದೆ, ಹಾಗಾಗಿ ಸಿ8, ಸಿ10ಕ್ಕೆ ಅದೇ ವಾಸಿ. ಅದರ ಮೇಲೆ ಉಲ್ಲನ್, ಉಲ್ಲನ್ ಮೇಲೆ ಮಷೀನ್ ದಾರ ದಪ್ಪಕ್ಕೆ ಸುತ್ತದಿದ್ದರೆ ಸೂಜಿ ಥರ್ಮಾಕೋಲಿಗೆ ತಾಗಿ ಕಿರ್ ಅನ್ನುತ್ತದೆ. ಸೇವಂತಿಗೆಗಾದರೆ ನಾನು ಭತ್ತದ ಹೊಟ್ಟನ್ನೇ ಹೇಳುತ್ತೇನೆ. ಕಗಾವಾ ಪ್ರಾಂತದ ಸಾನುಕಿ ತೆಮಾರಿಯನ್ನು ಈಗಲೂ ಹಾಗೇ ಮಾಡುತ್ತಾರೆ: ಒಳಗೆ ಹೊಟ್ಟು, ಮೇಲೆ ಗಿಡಮೂಲದ ಬಣ್ಣ ಹಾಕಿದ ಹತ್ತಿ ದಾರ. ನಮ್ಮ ಊರುಗಳಲ್ಲಿ ಹೊಟ್ಟಿಗೆ ಬರವಿಲ್ಲ, ಗಿರಣಿಯವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಎರಡು ದಿನ ಬಿಸಿಲಿಗೆ ಹಾಕಿ, ತೆಳು ಕಾಗದದಲ್ಲಿ ಉಂಡೆ ಕಟ್ಟಿ, ಅಂಗೈಯಲ್ಲಿ ಉರುಳಿಸುತ್ತ ದಾರ ಸುತ್ತಿ. ಪ್ರತಿ ಹತ್ತು ಸುತ್ತಿಗೊಮ್ಮೆ ದಿಕ್ಕು ಬದಲಿಸಿ. ಸೂಜಿ ಸಲೀಸಾಗಿ ಒಳಗೆ ಹೋಗುತ್ತದೆ, ಹೋದ ಮೇಲೆ ಅಲ್ಲಾಡದೆ ನಿಲ್ಲುತ್ತದೆ. ಕೈಯಲ್ಲಿ ಹಿಡಿದರೆ ಹಗುರ, ಕಿವಿಯ ಹತ್ತಿರ ಒತ್ತಿದರೆ ಸಣ್ಣಗೆ ಸರಸರ ಸದ್ದು.

ಮಗುವಿನ ಜೊತೆ ಕೂರುವುದಾದರೆ ಪಟ್ಟಿ. ತಿಂಗಳೊಳಗೆ ಯಾರದ್ದೋ ಮದುವೆಗೆ ಕೊಡಬೇಕು ಅಂತಿದ್ದರೆ ಸೇವಂತಿಗೆ, ಎರಡೇ ಬಣ್ಣ, ಮೇಲೆ ಬಿಳಿಯದೊಂದು ಕೊನೆಯ ಸುತ್ತು. ಲೆಕ್ಕ, ಆಕಾರ ಅಂದರೆ ಪ್ರಾಣ ಅನ್ನುವವರಿಗೆ ಚೌಕ. ಇವುಗಳಲ್ಲಿ ಯಾವುದನ್ನು ಹಿಡಿದರೂ ಎಸ್8 ಗೆರೆ ಹಾಕಿ ಶುರು ಮಾಡಬಹುದು. ಕಾಗದದ ಪಟ್ಟಿಯನ್ನು ಎಂಟಕ್ಕೆ ಮಡಚಿ, ಮಡಿಕೆಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಚೆಂಡು ಮುಗಿಯುವ ತನಕ ಅದನ್ನು ಎಸೆಯದೆ ಇಟ್ಟುಕೊಳ್ಳಿ. ಸೂಜಿ ಕಿತ್ತು ಬಿದ್ದರೆ ಮತ್ತೆ ಜಾಗ ಹುಡುಕಲು ಅದೊಂದೇ ದಾರಿ.